ಮೂರು ವರ್ಷ ಕೋರ್ಟಿನಲ್ಲಿ ನಿಂತು ಬನ್ನಿ

ಕುಮಟಾದ ಕಾನೂನು ಪದವೀಧರೆಯೊಬ್ಬರು ಬರೆದಿದ್ದಾರೆ: "ಸಿವಿಲ್ ನ್ಯಾಯಾಧೀಶರ ಪರೀಕ್ಷೆಗೆ ಮೂರು ವರ್ಷ ವಕೀಲಿ ಕಡ್ಡಾಯ ಎಂದು 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಬಡವರ ಮನೆಯ ಹೆಣ್ಣುಮಕ್ಕಳು ಅಷ್ಟು ವರ್ಷ ಸಂಬಳವಿಲ್ಲದೆ ಹೇಗಿರೋದು? ಇದು ಅನ್ಯಾಯ ಅಲ್ವಾ?"

ತಂಗೀ, ನಿಮ್ಮ ಕಷ್ಟ ಸುಳ್ಳಲ್ಲ. ಪರೀಕ್ಷೆ ಬರೆದು ನೇರ ಬಂದವರಲ್ಲೂ ಒಳ್ಳೆಯವರಿದ್ದಾರೆ. ಬ್ರಿಟಿಷರ ಕಾಲದ ಐಸಿಎಸ್ ಪರೀಕ್ಷೆ ಪಾಸಾದ ಸತ್ಯೇಂದ್ರನಾಥ ಟ್ಯಾಗೋರರು ನಮ್ಮ ಕಾರವಾರದಲ್ಲೇ ಜಿಲ್ಲಾ ನ್ಯಾಯಾಧೀಶರಾಗಿದ್ದರು. ಅವರ ತಮ್ಮ, ಕವಿ ರವೀಂದ್ರರು ಇಲ್ಲಿಗೆ ಬಂದದ್ದೂ ಆಗಲೇ.

ಆದರೂ ನನಗೆ ವಕೀಲಿಯಲ್ಲಿ ಪಳಗಿ ನ್ಯಾಯಾಧೀಶರಾದವರ ಮೇಲೇ ನಂಬಿಕೆ ಜಾಸ್ತಿ. ಹೊನ್ನಾವರದಲ್ಲಿ 1855ರಲ್ಲಿ ಹುಟ್ಟಿದ ನಾರಾಯಣ ಚಂದಾವರ್ಕರರನ್ನು ನೋಡಿ. ಮುಂಬಯಿಯಲ್ಲಿ ವಕೀಲಿ ಮಾಡಿದರು, ಪತ್ರಿಕೆ ನಡೆಸಿದರು, 1900ರ ಲಾಹೋರ್ ಕಾಂಗ್ರೆಸ್ಸಿನ ಅಧ್ಯಕ್ಷರಾದರು. 1901ರಲ್ಲಿ ಮುಂಬಯಿ ಹೈಕೋರ್ಟಿನ ನ್ಯಾಯಮೂರ್ತಿಯಾದರು. ಅಷ್ಟು ಜನರ ನಡುವೆ ಬಾಳಿದವರಿಗೆ ಜನ ಗೊತ್ತಿರುತ್ತಾರೆ.

ಅಷ್ಟು ದೊಡ್ಡ ಹೆಸರೇ ಬೇಕೆಂದಿಲ್ಲ. ಶಿರಸಿಯಲ್ಲಿ ವಕೀಲಿ ಮಾಡಿ ಮುಂದೆ ನ್ಯಾಯಾಧೀಶರಾದ ಹಿರಿಯರೊಬ್ಬರನ್ನು ನಾನು ಬಲ್ಲೆ. ಅಡಿಕೆ ತೋಟದ ನೀರು, ತೋಟಕ್ಕೆ ಸೊಪ್ಪು ತರುವ ಬೆಟ್ಟದ ಗಡಿ, ಗೇಣಿ ಜಮೀನು, ಅಣ್ಣತಮ್ಮಂದಿರ ಪಾಲು... ಇವೇ ಅವರು ನಡೆಸಿದ ಕೇಸುಗಳು. ನ್ಯಾಯಾಧೀಶರಾದ ಮೇಲೆ ಗಡಿಯ ತಕರಾರು ಬಂದರೆ ನಕ್ಷೆಯೊಂದನ್ನೇ ನಂಬುತ್ತಿರಲಿಲ್ಲ. ಸ್ಥಳಕ್ಕೆ ಹೋಗಿ ನೋಡುವ ಅಧಿಕಾರ ಕಾನೂನಿನಲ್ಲೇ ಇದೆ, ಇವರು ಹೋಗುತ್ತಿದ್ದರು. ದೂರದ ಹಳ್ಳಿಯ ಮುದುಕ ಸಾಕ್ಷಿಗಳನ್ನು ಮೊದಲು ಕರೆಸಿ ಮುಗಿಸುತ್ತಿದ್ದರು. ಸಂಜೆ ಬಸ್ಸು ತಪ್ಪಿದ ಕಕ್ಷಿದಾರರನ್ನು ವಕೀಲರಾಗಿದ್ದಾಗ ತಮ್ಮ ಮನೆಯ ಜಗಲಿಯಲ್ಲೇ ಮಲಗಿಸಿಕೊಂಡವರು ಅವರು. ಇದನ್ನೆಲ್ಲ ಯಾವ ಗೈಡು ಕಲಿಸುತ್ತದೆ, ಹೇಳಿ?

ಮೂರು ವರ್ಷದ ಈ ನಿಯಮ ಹೊಸದೂ ಅಲ್ಲ. ಜಾಣ ಮಕ್ಕಳು ಬೇಗ ಬರಲಿ ಎಂದು 2002ರಲ್ಲಿ ಕೈಬಿಟ್ಟಿದ್ದರು. ಈಗ ಮರಳಿ ತಂದಿದ್ದಾರೆ.

ನಿಮ್ಮ ಸಿಟ್ಟು ತಿರುಗಬೇಕಾದದ್ದು ಬೇರೆ ಕಡೆ. ಜೂನಿಯರ್‌ಗಳಿಗೆ ತಿಂಗಳಿಗೆ ನಗರದಲ್ಲಿ 20,000, ಹಳ್ಳಿ ಕಡೆ 15,000 ರೂಪಾಯಿಯಾದರೂ ಕೊಡಿ ಎಂದು ಭಾರತೀಯ ವಕೀಲರ ಪರಿಷತ್ತು (ಬಾರ್ ಕೌನ್ಸಿಲ್) 2024ರಲ್ಲಿ ಹೇಳಿತು. ಹೇಳಿದ್ದು ಸಲಹೆಯಾಗಿ ಅಷ್ಟೇ. ಬೆಳಗಿನಿಂದ ಸಂಜೆವರೆಗೆ ಫೈಲು ಹೊರುವ ಹುಡುಗಿಯ ಕೈಗೆ ಬಸ್ ಚಾರ್ಜಿನಷ್ಟು ಕೊಟ್ಟು ಕಳಿಸುವುದು ಯಾವ ನ್ಯಾಯ? ಬಡವರ ಮಕ್ಕಳು ಈ ವೃತ್ತಿ ಬಿಟ್ಟು ಹೋಗುತ್ತಿರುವುದು ಇದರಿಂದಲೇ. ಕಾರವಾರ, ಶಿರಸಿ, ಕುಮಟಾದ ಹಿರಿಯ ವಕೀಲರೇ, ನಿಮ್ಮ ಜೂನಿಯರ್‌ಗೆ ಎಷ್ಟು ಕೊಡುತ್ತೀರಿ? ಬರೆದು ಕಳಿಸಿ, ಮುಂದಿನ ಸಂಚಿಕೆಯಲ್ಲಿ ಪ್ರಕಟಿಸುತ್ತೇವೆ.

– ಸಂಪಾದಕ