ಹಳೆ ಕ್ಯಾಟಲಿನಾ 22 ಹಾಯಿದೋಣಿಯ ಕೀಲ್ (ದೋಣಿಯಡಿ ಇಳಿಬಿಡುವ ಭಾರದ ಫಲಕ) ಎತ್ತುವ ಕೇಬಲ್ ಸವೆದಿದೆ. ಸ್ಟೇನ್‌ಲೆಸ್ ಹಾಕಲಾ, ಗ್ಯಾಲ್ವನೈಸ್ಡ್ ಸಾಕಾ?

ಎಷ್ಟು ಕಡಿಮೆಯಲ್ಲಿ ಮುಗಿಯುತ್ತದೆ ಅನ್ನೋದೇ ನಿಮ್ಮ ಪ್ರಶ್ನೆ ಅಲ್ವಾ? ನಾಲ್ಕು ವರ್ಷದ ಹಿಂದೆ ನಾನೂ ಇದೇ ಲೆಕ್ಕ ಹಾಕಿದ್ದೆ. ನಲವತ್ತು ಡಾಲರ್ ಉಳಿಸಿದೆ, ಒಂಬೈನೂರು ಕಳೆದುಕೊಂಡೆ.

ನನ್ನದೂ ಅದೇ ದೋಣಿ, ಡಲ್ಲಾಸ್ ಪಕ್ಕದ ಲೂಯಿಸ್‌ವಿಲ್ ಕೆರೆಯಲ್ಲಿ ಓಡಿಸುತ್ತೇನೆ. ಕೀಲ್ ಎರಕದ ಕಬ್ಬಿಣದ್ದು, ಸುಮಾರು 550 ಪೌಂಡ್. ಅಂದರೆ 250 ಕಿಲೋ. ಅದನ್ನು ಎತ್ತಿ ಹಿಡಿಯೋದು 3/16 ಇಂಚಿನ ಒಂದೇ ಕೇಬಲ್. ಬಾವಿ ಹಗ್ಗ ಕಿತ್ತರೆ ಕೊಡ ಹೋಗುತ್ತದೆ, ಅಷ್ಟೆ. ಇಲ್ಲಿ ಹಾಗಲ್ಲ.

ನನಗೆ ಕೈಕೊಟ್ಟಿದ್ದು ಕೇಬಲ್ ಅಲ್ಲ, ಅದರ ತುದಿಯ ಕ್ಲಿಪ್. ಅಂಗಡಿಯಲ್ಲಿ ಅಡಿ ಲೆಕ್ಕದಲ್ಲಿ ಕೇಬಲ್ ಕತ್ತರಿಸಿಕೊಂಡು ಬಂದು, ತುದಿಯಲ್ಲಿ ಕುಣಿಕೆ ಮಾಡಿ ಎರಡು ಯು-ಬೋಲ್ಟ್ ಕ್ಲಿಪ್ ಬಿಗಿದೆ. ಕುಣಿಕೆ ಮಾಡಿದಾಗ ಕೇಬಲ್ ಜೋಡಿಯಾಗುತ್ತದೆ: ಒಂದು ಭಾರ ಎಳೆಯುವ ಉದ್ದದ ಕಡೆ, ಇನ್ನೊಂದು ಮಡಚಿ ಉಳಿದ ಮೋಟು ತುದಿ. ಕ್ಲಿಪ್‌ನಲ್ಲೂ ಎರಡು ಭಾಗ. ಕೇಬಲ್ ಕೂರುವ ದಪ್ಪ ತಟ್ಟೆ, ಮತ್ತೆ ಯು ಬೋಲ್ಟ್. ಯು ಎಳೆಗಳನ್ನು ಕಚ್ಚಿ ಜಜ್ಜುತ್ತದೆ. ಹಾಗಾಗಿ ಅದು ಮೋಟಿನ ಮೇಲೆಯೇ ಬರಬೇಕು, ತಟ್ಟೆ ಉದ್ದದ ಕಡೆಗೆ. ಎಲ್ಲ ಕ್ಲಿಪ್‌ಗಳೂ ಹಾಗೆಯೇ. ನಾನು ನೋಡೋಕೆ ಚೆನ್ನಾಗಿರಲಿ ಅಂತ ಒಂದನ್ನು ಹೀಗೆ, ಒಂದನ್ನು ಹಾಗೆ ಹಾಕಿದ್ದೆ! ಭಾರ ಬಿದ್ದ ಮೇಲೆ ಕೇಬಲ್ ಸ್ವಲ್ಪ ಸಣ್ಣಗಾಗುತ್ತದೆ, ನಟ್ ಇನ್ನೊಮ್ಮೆ ಬಿಗಿಯಬೇಕು. ಅದೂ ಮಾಡಲಿಲ್ಲ.

ಆರನೇ ಸಲ ಹೋದಾಗ, ಸಂಜೆ, ಕಟ್ಟೆ ಪಕ್ಕ ದೋಣಿ ನಿಲ್ಲಿಸಿ ಕೀಲ್ ಎತ್ತುತ್ತಿದ್ದೆ. ಕೇಬಲ್ ಸುತ್ತುವ ವಿಂಚ್‌ನ ಹಿಡಿ ಒಮ್ಮೆಗೇ ಹಗುರಾಯಿತು. ಆಮೇಲೆ ಢಂ. ಕಾಲಡಿಯ ನೆಲ ಅದುರಿತು. ಕೀಲ್ ಕೂರುವ ಗೂಡಿನ ಫೈಬರ್‌ಗ್ಲಾಸ್ ಬಿರುಕು ಬಿಟ್ಟಿತ್ತು. ಕೀಲ್ ಇಳಿದಿದ್ದರೆ ದೋಣಿಗೆ ಐದು ಅಡಿ ನೀರು ಬೇಕು, ಟ್ರೇಲರ್ ಮೇಲೆ ಕೂರೋದೇ ಇಲ್ಲ. ದೋಣಿಯಡಿ ಹಗ್ಗ ಹಾಯಿಸಿ, ಎರಡೂ ಬದಿಯ ಹಾಯಿ ವಿಂಚ್‌ಗೆ ಸುತ್ತಿ, ಗೆಳೆಯನೂ ನಾನೂ ಇಂಚಿಂಚೇ ಎಳೆದೆವು. ದೋಣಿ ಇಳಿಸುವ ಇಳಿಜಾರಿಗೆ ಹಿಂದೆ ನಾಲ್ಕು ಟ್ರಕ್ ಕಾಯುತ್ತಿದ್ದವು.

ಆದ್ದರಿಂದ ಸ್ಟೇನ್‌ಲೆಸ್ಸಾ ಗ್ಯಾಲ್ವನೈಸ್ಡಾ ಅನ್ನೋ ಪ್ರಶ್ನೆಯನ್ನೇ ಬಿಡಿ. ಈ ದೋಣಿಗೆಂದೇ ಬರುವ, ತುದಿಯನ್ನು ಯಂತ್ರದಲ್ಲಿ ಒತ್ತಿ ಕೂರಿಸಿದ ಸ್ಟೇನ್‌ಲೆಸ್ ಕೇಬಲ್ ತಗೊಳ್ಳಿ. ಜೊತೆಗೆ ಕೀಲ್ ಕಡೆಯ ಬೋಲ್ಟ್, ಕೇಬಲ್ ಹಾಯುವ ರಬ್ಬರ್ ಹೋಸ್, ಅದರ ಕ್ಲಾಂಪ್‌ಗಳು ಎಲ್ಲವನ್ನೂ ಒಟ್ಟಿಗೆ ಬದಲಿಸಿ. ನಿಜ ಹೇಳಬೇಕೆಂದರೆ ನಿಮ್ಮ ಕೇಬಲ್‌ಗಿಂತ ನನಗೆ ಹೋಸ್ ಬಗ್ಗೆಯೇ ಭಯ ಜಾಸ್ತಿ. ಅದರ ಬುಡ ನೀರಿನ ಮಟ್ಟಕ್ಕಿಂತ ಕೆಳಗಿದೆ. ಅದು ಕಳಚಿದರೆ ನೀರು ನೇರ ಒಳಗೆ.

ಕೆಲಸ ಟ್ರೇಲರ್ ಮೇಲೆಯೇ ಮಾಡಿ. ಕೀಲ್ ದಪ್ಪ ಮರದ ತುಂಡುಗಳ ಮೇಲೆ ಪೂರ್ತಿ ಕೂತು, ಕೇಬಲ್ ಕೈಯಲ್ಲಿ ಸಡಿಲವಾಗಿ ಆಡಬೇಕು. ಅಲ್ಲಿಯವರೆಗೂ ಬೋಲ್ಟ್ ಮುಟ್ಟಬೇಡಿ, ಕೈ ಕೀಲ್ ಕೆಳಗೆ ಹಾಕಲೇಬೇಡಿ. ಕೀಲ್ ಪೂರ್ತಿ ಇಳಿದಾಗಲೂ ವಿಂಚ್ ಉರುಳೆಯಲ್ಲಿ ಮೂರ್ನಾಲ್ಕು ಸುತ್ತು ಕೇಬಲ್ ಉಳಿದಿರಲಿ.

ಹೊಸ ಕೇಬಲ್ ಹಾಕಿ ಜೋರು ಗಾಳಿಗೆ ಹೋದಾಗ ಕೆಳಗಿನಿಂದ ಗುಂಯ್ ಅಂತ ಸದ್ದು ಬಂದರೆ ಹೆದರಬೇಡಿ. ನೀರಿನ ಸೆಳೆತಕ್ಕೆ ಕೇಬಲ್ ತಂತಿಯ ಹಾಗೆ ಮಿಡಿಯುತ್ತದೆ. ನನ್ನದು ಈಗಲೂ ಮಿಡಿಯುತ್ತಿದೆ.