‘ಎರಡು ಹೊಲಿಗೆ ತಾನೇ’ ಅಂದರೆ ಏನು ಹೇಳಲಿ?

ಪ್ರಶ್ನೆ: ನನಗೆ 44 ವರ್ಷ, ಸ್ತನ ಕ್ಯಾನ್ಸರ್. ಕಿಮೋಗೆಂದು ಮೊನ್ನೆ ಸೋಮವಾರ ಎದೆಯ ಮೇಲ್ಭಾಗದಲ್ಲಿ ಪೋರ್ಟ್ ಹಾಕಿದ್ದಾರೆ. ಮುಂದಿನ ಬುಧವಾರ ಮೊದಲ ಕಿಮೋ. ನಡುವೆ ಭಾನುವಾರ ಮೈದುನನ ಮನೆ ಗೃಹಪ್ರವೇಶ. ‘ಎರಡು ಹೊಲಿಗೆ ತಾನೇ, ಅಡುಗೆಗೆ ನೀನು ನಿಲ್ಲಲೇಬೇಕು’ ಅನ್ನುತ್ತಾರೆ ಅತ್ತೆ. ಕಾಯಿಲೆ ವಿಷಯ ನಮ್ಮ ಮನೆಯ ಮೂವರಿಗೆ ಬಿಟ್ಟು ಯಾರಿಗೂ ಗೊತ್ತಿಲ್ಲ. ಹೇಳುವುದು ಯಜಮಾನರಿಗೆ ಇಷ್ಟವಿಲ್ಲ.
– ಹಾಸನದ ಓದುಗರು

ಉತ್ತರ: ಅಡುಗೆಗೆ ನಿಲ್ಲಬೇಡಿ. ಮೊದಲು ಇದನ್ನು ಹೇಳಿಬಿಡುತ್ತೇನೆ, ಉಳಿದದ್ದು ಆಮೇಲೆ.

ಅತ್ತೆಯವರ ಮಾತು ಅರ್ಧ ನಿಜ. ಪೋರ್ಟ್ ಹಾಕುವುದು ಸಣ್ಣ ಕೆಲಸವೇ. ಸಾಮಾನ್ಯವಾಗಿ ಅದೇ ದಿನ ಮನೆಗೆ ಕಳಿಸುತ್ತಾರೆ. ಆದರೆ ಒಳಗೆ ಏನಿದೆ ನೋಡಿ. ಚರ್ಮದಡಿಯಲ್ಲಿ ಹತ್ತು ರೂಪಾಯಿ ನಾಣ್ಯದಷ್ಟು ಅಗಲದ ಪುಟ್ಟ ಡಬ್ಬಿ. ಅದರಿಂದ ಹೊರಟ ಸಣ್ಣ ಕೊಳವೆ ಹೃದಯದ ಹತ್ತಿರದ ದೊಡ್ಡ ರಕ್ತನಾಳದವರೆಗೂ ಹೋಗಿದೆ. ಕಿಮೋ ಔಷಧಿ ಕೈಯ ಸಣ್ಣ ರಕ್ತನಾಳಗಳನ್ನು ಹಾಳು ಮಾಡದಿರಲಿ ಅಂತ ಈ ಏರ್ಪಾಡು. ಅದರ ಮೇಲಿನ ಗಾಯ ಮಾಗುವ ಮೊದಲೇ ಅನ್ನದ ಕೊಳಗ ಇಳಿಸುವುದು, 15 ಲೀಟರಿನ ಕೊಡ ಎತ್ತುವುದು ಬೇಡವೇ ಬೇಡ. ಡಾಕ್ಟರು ಸರಿ ಅನ್ನಲಿ, ಆಮೇಲೆ ನೋಡೋಣ. ಹಾಗಂತ ಕೈಯನ್ನು ಎದೆಗೆ ಒತ್ತಿಕೊಂಡೇ ಕೂರಬೇಡಿ, ಭುಜ ಹಿಡಿದುಕೊಳ್ಳುತ್ತೆ. ತಲೆ ಬಾಚಿಕೊಳ್ಳುವಷ್ಟು ಆಡಿಸಿ.

ಇನ್ನೊಂದು ಮಾತು, ಇದನ್ನು ಆಸ್ಪತ್ರೆಯಲ್ಲಿ ಹೇಳುವುದು ಕಡಿಮೆ. ಬ್ರಾ ಪಟ್ಟಿ, ಮಾಂಗಲ್ಯದ ಸರ ಎರಡೂ ಸರಿಯಾಗಿ ಬ್ಯಾಂಡೇಜ್ ಮೇಲೇ ಬಂದು ಉಜ್ಜುತ್ತವೆ. ಸರವನ್ನು ಪಿನ್ನು ಹಾಕಿ ಪೋರ್ಟ್ ಇಲ್ಲದ ಪಕ್ಕಕ್ಕೆ ಸರಿಸಿಕೊಳ್ಳಿ. ಮನೆಯಲ್ಲಿ ಮುಂದೆ ಗುಂಡಿಯಿರುವ ಸಡಿಲ ನೈಟಿ ಸಾಕು. ಗಾಯಕ್ಕೆ ನೀರು ತಾಗಿಸಬೇಡಿ. ಅರಿಶಿನ ಹಚ್ಚುತ್ತೇನೆ ಅಂತ ಯಾರಾದರೂ ಬಂದರೆ, ಪ್ರೀತಿಯಿಂದಲೇ ಬೇಡ ಅನ್ನಿ.

ಜ್ವರ 100.4 ಡಿಗ್ರಿ ಮುಟ್ಟಿದರೆ, ಗಾಯ ಕೆಂಪಾದರೆ, ಕೀವು ಕಂಡರೆ, ಆ ಕಡೆಯ ತೋಳೋ ಕುತ್ತಿಗೆಯೋ ಊದಿದರೆ, ರಾತ್ರಿಯಾದರೂ ಸರಿ, ತಕ್ಷಣ ಆಸ್ಪತ್ರೆಗೆ ಫೋನ್ ಮಾಡಿ. ಉಸಿರಾಡಲು ಕಷ್ಟವಾದರೆ ಫೋನ್ ಮಾಡುತ್ತಾ ಕೂರದೆ ಹೊರಟುಬಿಡಿ. ಕೀವಾದರೆ ಬುಧವಾರದ ಕಿಮೋ ಮುಂದೆ ಹೋಗಬಹುದು, ಪೋರ್ಟನ್ನೇ ತೆಗೆಯಬೇಕಾಗಿಯೂ ಬರಬಹುದು. ಅತ್ತೆಗೆ ಈ ಮಾತು ಗೊತ್ತಾಗಬೇಕು. ಹೇಳಬೇಕಾದವರು ನೀವಲ್ಲ, ಅವರ ಮಗ.

ಯಜಮಾನರ ಹೆದರಿಕೆ ನನಗೆ ಅರ್ಥವಾಗುತ್ತೆ. ನಂಟರ ಬಾಯಿ ಅಂದರೆ ಯಾರಿಗೆ ತಾನೇ ಹೆದರಿಕೆಯಿಲ್ಲ! ಆದರೆ ಸ್ತನ ಕ್ಯಾನ್ಸರಿಗೆ ಕೊಡುವ ಎಷ್ಟೋ ಕಿಮೋ ಔಷಧಿಗಳಲ್ಲಿ ಎರಡು ಮೂರು ವಾರಕ್ಕೇ ಕೂದಲು ಉದುರತೊಡಗುತ್ತೆ. ಆಗ ಎಲ್ಲಿ ಮುಚ್ಚಿಡುತ್ತೀರಿ? ಊರಿಗೆಲ್ಲ ಸಾರುವುದು ಬೇಡ, ಓರಗಿತ್ತಿಗೆ ಇವತ್ತೇ ಹೇಳಿ. ಮನೆ ಅವರದು. ಇವತ್ತು ಗೊತ್ತಾದರೆ ಅಡುಗೆಯವರನ್ನು ಹುಡುಕಲು ಅವರಿಗೂ ಟೈಮ್ ಸಿಗುತ್ತೆ.

ಭಾನುವಾರ ಹೋಗಬೇಕು ಅನ್ನಿಸಿದರೆ ಸುಮ್ನೆ ಒಂದು ಗಂಟೆ ಹೋಗಿ ಬನ್ನಿ. ನೆಗಡಿ ಕೆಮ್ಮು ಇರುವವರಿಂದ ದೂರ ಕೂತ್ಕೊಳ್ಳಿ. ಹಾಲು ಉಕ್ಕಿಸುವುದನ್ನು ನೋಡಿ, ಮೊದಲ ಪಂಕ್ತಿಯಲ್ಲೇ ಊಟ ಮುಗಿಸಿ, ಎರಡನೇ ಪಂಕ್ತಿಗೆ ಎಲೆ ಹಾಕುವ ಮೊದಲು ಹೊರಟುಬಿಡಿ.