ರೋಗಿಗಳ ಒಪ್ಪಿಗೆ ಕೇಳುತ್ತ ಹೋದರೆ ನಾವು ವೈದ್ಯಕೀಯ ಕಲಿಯುವುದು ಹೇಗೆ?

ವಿದ್ಯಾರ್ಥಿಗಳು ಮುಟ್ಟಿ ಪರೀಕ್ಷಿಸುವ ಮೊದಲು ಎಲ್ಲ ರೋಗಿಗಳನ್ನೂ ಕೇಳುತ್ತ ಹೋದರೆ ಅರ್ಧ ಜನ ಬೇಡ ಎನ್ನುತ್ತಾರೆ, ಬೋಧನಾ ಆಸ್ಪತ್ರೆಗೆ ಬಂದು ಸಹಿ ಹಾಕಿದ ಮೇಲೆ ಒಪ್ಪಿದಂತೆಯೇ ಅಲ್ಲವೇ ಎಂದಿದ್ದೀರಿ. ಮೂರನೆಯ ವರ್ಷದಲ್ಲಿ ನಾನೂ ಇದನ್ನೇ ನಂಬಿದ್ದೆ.

ಸರ್ಜರಿ ಪೋಸ್ಟಿಂಗಿನಲ್ಲಿ ನನಗೆ ಸಿಕ್ಕ ಕೇಸು ಸ್ತನದಲ್ಲಿ ಗಂಟಿದ್ದ ಒಬ್ಬ ಹೆಂಗಸು. ನಲವತ್ತರ ಆಸುಪಾಸು, ಕೂಲಿ ಕೆಲಸದವರು. ಮಂಚದ ಪಕ್ಕದಲ್ಲಿ ಗಂಡ ನಿಂತಿದ್ದರು. ಅವರತ್ತ ತಿರುಗಿ, "ನಾವು ಸ್ವಲ್ಪ ಪರೀಕ್ಷೆ ಮಾಡುತ್ತೇವೆ, ಆಗಬಹುದಲ್ಲವೇ?" ಎಂದೆ. "ನೋಡಿ ಡಾಕ್ಟರೇ, ನಿಮಗೆ ಬಿಟ್ಟದ್ದು" ಎಂದರು. ಪರದೆ ಎಳೆದೆವು. ನಮ್ಮ ಬ್ಯಾಚಿನವರು, ಹೆಚ್ಚಿನವರು ಹುಡುಗರೇ, ಒಬ್ಬರಾದ ಮೇಲೊಬ್ಬರು ಗಂಟನ್ನು ಒತ್ತಿ ನೋಡಿ, ಕಂಕುಳಲ್ಲಿ ಗ್ರಂಥಿಗಳನ್ನು ಹುಡುಕಿದೆವು. ಗಂಟು ಚರ್ಮಕ್ಕೆ ಅಂಟಿದೆಯೋ ಕೆಳಗಿನ ಸ್ನಾಯುವಿಗೋ ಎಂದು ಸರ್ ಕೇಳಿದಾಗ ನಾನು ಸರಿಯಾದ ಉತ್ತರವನ್ನೇ ಹೇಳಿದೆ. ಆಕೆ ಅಷ್ಟು ಹೊತ್ತೂ ಗೋಡೆಯ ಕಡೆ ಮುಖ ಮಾಡಿದ್ದರು. ಮರುದಿನ ಬಯಾಪ್ಸಿ, ಅಂದರೆ ಗಂಟಿನ ಚೂರು ತೆಗೆದು ಪರೀಕ್ಷಿಸುವುದು, ಆಗಬೇಕಿತ್ತು. ಬೆಳಿಗ್ಗೆ ಹೋದರೆ ಮಂಚ ಖಾಲಿ.

ಮತ್ತೆ ಅವರು ಬಂದದ್ದು ಕೆಲವು ತಿಂಗಳ ಮೇಲೆ. ಗಂಟು ಚರ್ಮ ಒಡೆದು ಹುಣ್ಣಾಗಿತ್ತು. ಅಂದು ಹೇಳದೆ ಕೇಳದೆ ಏಕೆ ಹೋದಿರಿ ಎಂದು ಸಿಸ್ಟರ್ ಗದರಿದ್ದಕ್ಕೆ ಆಕೆ ಕೊಟ್ಟ ಉತ್ತರವನ್ನು ನಾನು ಅಲ್ಲೇ ನಿಂತು ಕೇಳಿಸಿಕೊಂಡೆ: "ನಮ್ಮ ಯಜಮಾನರನ್ನು ಕೇಳಿದರು. ನನ್ನನ್ನು ಯಾರು ಕೇಳಿದರು? ಅಷ್ಟು ಜನ ಡಾಕ್ಟರು ನೋಡಿದ ಮೇಲೆ ಇದು ವಾಸಿಯಾಗುವ ಕಾಯಿಲೆಯಲ್ಲ ಎಂದುಕೊಂಡೆ."

ಆಕೆ ಕಳೆದುಕೊಂಡ ತಿಂಗಳುಗಳಲ್ಲಿ ನನ್ನ ಪಾಲಿದೆ. ಅದಕ್ಕೇ ತಪ್ಪನ್ನು ಬಿಡಿಸಿ ಹೇಳುತ್ತೇನೆ. ನನ್ನ ತಪ್ಪು ಕೇಳದೇ ಇದ್ದದ್ದಲ್ಲ, ನಾನು ಕೇಳಿದ್ದೆ. ಯಾರ ಮೈಯೋ ಅವರನ್ನು ಬಿಟ್ಟು ಪಕ್ಕದವರನ್ನು ಕೇಳಿದ್ದೆ. "ನಾವು" ಎಂದೆ, ವಿದ್ಯಾರ್ಥಿಗಳು ಎನ್ನಲಿಲ್ಲ. ಎಷ್ಟು ಜನ ಎಂದು ಹೇಳಲಿಲ್ಲ. ಇದು ನಿಮ್ಮ ಚಿಕಿತ್ಸೆಗಲ್ಲ, ನಮ್ಮ ಕಲಿಕೆಗೆ ಎನ್ನಲಿಲ್ಲ. ಬಿಳಿ ಕೋಟು ತೊಟ್ಟು ಸ್ಟೆತಾಸ್ಕೋಪು ನೇತುಹಾಕಿಕೊಂಡವರೆಲ್ಲ ಅವರ ಪಾಲಿಗೆ ಡಾಕ್ಟರೇ; ಅಷ್ಟು ಡಾಕ್ಟರುಗಳು ಸಾಲುಗಟ್ಟಿ ಬಂದರೆ ರೋಗ ಕೈಮೀರಿದೆ ಎಂದು ಯಾರಿಗಾದರೂ ಅನ್ನಿಸುತ್ತದೆ. ಬೇಡ ಎಂದರೂ ಚಿಕಿತ್ಸೆ ನಿಲ್ಲುವುದಿಲ್ಲ ಎಂದು ತಿಳಿಸಲಿಲ್ಲ. ಹಾಸಿಗೆ ಸಿಕ್ಕಿದ್ದೇ ಪುಣ್ಯ ಎಂದುಕೊಂಡು ಮಲಗಿದವರು ಅದನ್ನು ತಾವಾಗಿ ಊಹಿಸಲಾರರು. ಗಂಡ ಹೂಂ ಎಂದ ಮೇಲೆ ಆಕೆ ಊಹೂಂ ಎನ್ನುವುದಾದರೂ ಹೇಗೆ? ಮೌನಂ ಸಮ್ಮತಿ ಲಕ್ಷಣಂ ಎಂಬ ಮಾತನ್ನು ವಾರ್ಡಿನ ಹೊರಗೇ ಬಿಟ್ಟು ಬನ್ನಿ.

ಮನೆಯವರು ಒಪ್ಪಿದರೆ ಸಾಕು ಎಂಬ ಅಭ್ಯಾಸ ನಮ್ಮಲ್ಲಿ ಬಹಳ ಆಳವಾಗಿದೆ. ವೈದ್ಯಕೀಯ ಮಂಡಳಿಯ 2002ರ ನೀತಿ ನಿಯಮಾವಳಿಯೇ ಶಸ್ತ್ರಚಿಕಿತ್ಸೆಗೆ ಗಂಡ ಅಥವಾ ಹೆಂಡತಿ, ಚಿಕ್ಕವರಾದರೆ ಹೆತ್ತವರು, ಇಲ್ಲವೇ ಸ್ವತಃ ರೋಗಿ ಎಂದು ಎಲ್ಲರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿತ್ತು. ಸುಪ್ರೀಂ ಕೋರ್ಟಿನ ಮುಂದೆ ಬಂದ ಸಮೀರಾ ಕೊಹ್ಲಿ ಪ್ರಕರಣವನ್ನು ಓದಿ. ಹೊಟ್ಟೆಯೊಳಗೆ ಕೊಳವೆ ಇಳಿಸಿ ನೋಡುವ ಲ್ಯಾಪರೋಸ್ಕೋಪಿ ತಪಾಸಣೆಗೆಂದು ಸಮೀರಾ ಅವರಿಗೆ ಅರಿವಳಿಕೆ ಕೊಟ್ಟಿದ್ದಾಗ, ಹೊರಗಿದ್ದ ತಾಯಿಯ ಒಪ್ಪಿಗೆ ಪಡೆದು ಆಕೆಯ ಗರ್ಭಕೋಶ, ಅಂಡಾಶಯಗಳನ್ನು ತೆಗೆಯಲಾಗಿತ್ತು. ಪ್ರಾಣಾಪಾಯ ಇಲ್ಲದಿರುವಾಗ ವಯಸ್ಕ ರೋಗಿಯ ಬದಲು ತಾಯಿ ಒಪ್ಪಿದರೆ ನಡೆಯದು, ತಪಾಸಣೆಗೆ ಕೊಟ್ಟ ಒಪ್ಪಿಗೆ ಚಿಕಿತ್ಸೆಗೆ ಸಲ್ಲದು ಎಂದು ಕೋರ್ಟ್ 2008ರಲ್ಲಿ ತೀರ್ಪು ಕೊಟ್ಟಿತು. ಹೀಗಿರುವಾಗ ದಾಖಲಾಗುವ ದಿನ ಹಾಕಿದ ಒಂದು ಸಹಿ ನಿಮ್ಮ ಇಡೀ ಬ್ಯಾಚಿಗೆ ಪರವಾನಗಿ ಎಂದು ಹೇಗೆ ಹೇಳುತ್ತೀರಿ?

ಆಪರೇಷನ್ ಥಿಯೇಟರಿನ ಬಗ್ಗೆ ನನ್ನಲ್ಲಿ ಎರಡು ಮಾತಿಲ್ಲ. ಎಚ್ಚರವಿದ್ದಾಗ ಸ್ವತಃ ಒಪ್ಪಿರದಿದ್ದರೆ, ಅರಿವಳಿಕೆಯಲ್ಲಿರುವ ಹೆಂಗಸಿನ ಜನನಾಂಗದ ಒಳಪರೀಕ್ಷೆಗೆ ಕೈಗವಸು ತೊಡಬೇಡಿ, ಯಾರೇ ಕರೆಯಲಿ. ಅಮೆರಿಕದ ಆರೋಗ್ಯ ಇಲಾಖೆ ಇಂಥ ಪರೀಕ್ಷೆಗಳಿಗೆ ಲಿಖಿತ ಒಪ್ಪಿಗೆ ಇರಲೇಬೇಕೆಂದು ಆಸ್ಪತ್ರೆಗಳಿಗೆ ಸೂಚಿಸಿದ್ದು 2024ರಲ್ಲಿ. ಅಲ್ಲಿಯೂ ಇದು ತಾನಾಗಿ ಸರಿಹೋಗಲಿಲ್ಲ.

ಇನ್ನು "ಅರ್ಧ ಜನ ಬೇಡ ಎನ್ನುತ್ತಾರೆ" ಎಂಬ ನಿಮ್ಮ ಲೆಕ್ಕ. ಅದನ್ನು ನಾನು ಒಪ್ಪುವುದಿಲ್ಲ. ಈಗ ನಾನೇ ವಿದ್ಯಾರ್ಥಿಗಳನ್ನು ವಾರ್ಡಿಗೆ ಕರೆದುಕೊಂಡು ಹೋಗುತ್ತೇನೆ. ಸ್ಟೂಲಿನ ಮೇಲೆ ಕುಳಿತು, ಹೆಸರು ಹೇಳಿಕೊಂಡು, "ಅಮ್ಮಾ, ನಾವು ಇನ್ನೂ ಓದುತ್ತಿರುವವರು, ನಿಮ್ಮಿಂದ ಕಲಿಯಬೇಕು, ಬೇಡವೆನಿಸಿದರೆ ಬೇಡ ಎನ್ನಿ, ನಿಮ್ಮ ಚಿಕಿತ್ಸೆಗೆ ಏನೂ ಆಗುವುದಿಲ್ಲ" ಎಂದರೆ ಒಪ್ಪುವವರೇ ಹೆಚ್ಚು. ಎಷ್ಟೋ ಅಜ್ಜಿಯರು ಹುಡುಗರ ಕೈ ಹಿಡಿದು ನೋವಿನ ಜಾಗ ತೋರಿಸುತ್ತಾರೆ, ಕೇಸ್ ಶೀಟಿನಲ್ಲಿ ಇಲ್ಲದ ಸಂಗತಿಗಳನ್ನು ಹೇಳುತ್ತಾರೆ. ಬೇಡ ಎಂದವರದು ಬೇಡವೇ. 2019ರ ಹೊಸ ಪಠ್ಯಕ್ರಮ ಬಂದ ಮೇಲೆ ಕೌಶಲ ಪ್ರಯೋಗಾಲಯಗಳಿವೆ. ಸ್ತನ ಪರೀಕ್ಷೆಯ ಮೊದಲ ತಡವರಿಕೆಯನ್ನೆಲ್ಲ ಅಲ್ಲಿನ ಮಾದರಿಯ ಮೇಲೆ ಮುಗಿಸಿಕೊಳ್ಳಿ.

ಪ್ರೊಫೆಸರ್ ಎದುರು ಬಾಯಿ ತೆರೆಯುವುದು ಹೇಗೆ ಎಂಬ ನಿಮ್ಮ ಭಯ ನಿಜವಾದದ್ದೇ, ಇಂಟರ್ನಲ್ ಅಂಕಗಳು ಅವರ ಕೈಯಲ್ಲಿರುತ್ತವೆ. ರೌಂಡ್ಸಿನ ನಡುವೆ ವಾದಕ್ಕೆ ಇಳಿಯಬೇಡಿ. ಅರ್ಧ ಗಂಟೆ ಮೊದಲೇ ಹೋಗಿ, ಮನೆಯವರು ಕಾಫಿಗೆ ಹೋಗಿರುವ ಹೊತ್ತು ನೋಡಿ ರೋಗಿಯನ್ನೇ ಕೇಳಿ. ಹುಡುಗರಾದರೆ ಸಿಸ್ಟರನ್ನೋ ಸಹಪಾಠಿ ಹುಡುಗಿಯನ್ನೋ ಜೊತೆಗೆ ಕರೆದುಕೊಳ್ಳಿ. ಎಷ್ಟು ಜನ ಮುಟ್ಟಬಹುದು ಎಂಬುದನ್ನೂ ಅವರೇ ಹೇಳಲಿ. ಆಮೇಲೆ ಸರ್ ಬಂದಾಗ, "ಸರ್, ಈ ಬೆಡ್ಡಿನವರು ಇಂದು ಬೇಡ ಎಂದಿದ್ದಾರೆ, ಕಿಟಕಿ ಪಕ್ಕದವರು ಇಬ್ಬರಿಗೆ ಒಪ್ಪಿದ್ದಾರೆ" ಎಂದು ಹೇಳಿ, ಆ ಮಂಚದ ಕಡೆ ನೀವೇ ಮೊದಲು ಹೆಜ್ಜೆ ಹಾಕಿ.